ಇದು ಯಾರ ಎದೆಯ ಗೆರೆ?

"ನಾನು ಇಸಿಜಿ ತೆಗೀಲೇ ಇಲ್ಲ ಸಾರ್. ತೆಗೆದಿದ್ರೆ ಒಪ್ಕೊಳ್ತಿದ್ದೆ."

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ನರ್ಸಮ್ಮ ಪತ್ತೇದಾರನ ಮನೆಯಲ್ಲಿ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಹಿಂದಿನ ದಿನ ಕಟಿಂಗ್ ಮಿಷನ್ನಿನ ಆಪರೇಟರ್ ಕೆಲಸದ ನಡುವೆಯೇ ಕುಸಿದಿದ್ದ. ಈಗ ಐಸಿಯುನಲ್ಲಿ, ಮೈಮೇಲೆ ಎಚ್ಚರವಿಲ್ಲ. ಅವನ ಹೆಸರು ಬರೆದಿದ್ದ ನಾರ್ಮಲ್ ಇಸಿಜಿ ಚೀಟಿಯೊಂದು ಚಿಕಿತ್ಸಾ ಕೋಣೆಯಲ್ಲಿ ಸಿಕ್ಕಿತ್ತು. ಎದೆನೋವೆಂದು ಬಂದವನನ್ನು ಚೀಟಿ ನೋಡಿ ಇವಳೇ ಮಿಷನ್ನಿಗೆ ಅಟ್ಟಿದಳೆಂದು ಸಾಹುಕಾರ ಕೋಣೆಯ ಕೀಲಿ ಕಿತ್ತುಕೊಂಡಿದ್ದ. ಇವತ್ತು ಸಂಜೆ ಪೊಲೀಸರಿಗೆ ದೂರು ಕೊಡುವುದಾಗಿಯೂ ಹೇಳಿದ್ದ.

"ಆಗ ನೀವೆಲ್ಲಿದ್ರಿ?" ಪತ್ತೇದಾರ ಕೇಳಿದ.

"ಬೆರಳು ಕುಯ್ದುಕೊಂಡವನಿಗೆ ಹೊಲಿಗೆ ಹಾಕಿಸೋಕೆ ಹೋಗಿದ್ದೆ. ವಾಪಸ್ ಬಂದಾಗ ಆಪರೇಟರ್ ನೆಲದ ಮೇಲೆ. ಎದೆ ಒತ್ತುತ್ತಾ ಆಂಬುಲೆನ್ಸ್‌ನಲ್ಲೇ ಹೋದೆ."

"ಬಡಪಾಯಿ ತಲೆ ಮೇಲೆ ಗೂಬೆ ಕೂರಿಸೋದು ಎಷ್ಟು ಸುಲಭ!" ಎಂದು ಸಿಡಿದವನು ಪತ್ತೇದಾರನ ಹೆಂಡತಿಯ ತಮ್ಮ. ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ ಎಲ್ಲರಿಗೂ ಅವನು 'ಕಿಡಿ'.

"ಲೋ ಕಿಡಿ, ಉರಿಯೋದು ಆಮೇಲೆ. ಗಾಡಿ ತೆಗಿ."

ಕಾರ್ಖಾನೆಯ ಇಸಿಜಿ ಯಂತ್ರ ಹಳೆಯದು. ಗುಂಡಿ ಒತ್ತಿದರೆ ತಾನೇ ಗೆರೆ ಎಳೆಯುತ್ತದೆ, ಸಮಯ ಮಾತ್ರ ಬರೆಯುವುದಿಲ್ಲ. ಎದೆಗೆ ಕಚ್ಚಿಸಲು ರಬ್ಬರ್ ಬುರುಡೆಯ ಬಟ್ಟಲುಗಳು. ಪತ್ತೇದಾರ ಒಂದನ್ನು ಹಿಚುಕಿ ಕಿಡಿಯ ಮುಂಗೈಗೆ ಹಚ್ಚಿದ. ಅದು ಜಿಗಣೆಯಂತೆ ಹಿಡಿಯಿತು. ಕಿತ್ತಾಗ ದುಂಡನೆಯ ಕೆಂಪು ಗುರುತು ಉಳಿಯಿತು.

"ಭಾವ, ನನಗೇನು ಕಾಯಿಲೆ?"

"ಬಾಯಿ."

ಹೊರಗೆ ಮಿಷನ್ನುಗಳ ಕಾವಿಗೆ ಎಲ್ಲರ ಅಂಗಿಯೂ ಸಡಿಲ. ಸೂಪರ್‌ವೈಸರ್ ಮಾತ್ರ ಕುತ್ತಿಗೆಯವರೆಗೆ ಗುಂಡಿ ಬಿಗಿದಿದ್ದ. "ಏನ್ ಸಾರ್, ಇವತ್ತು ಚಿನ್ನದ ಸರದ ದರ್ಶನ ಇಲ್ವಾ?" ಎಂದು ಯಾರೋ ಕಿಚಾಯಿಸಿದರು. ಅವನು ನಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದರು: "ಹಾರ್ಟ್ ಅಟ್ಯಾಕೇ. ಮುಚ್ಚಿದ ರಕ್ತನಾಳ ತೆರೆದಿದ್ದೀವಿ, ಬದುಕ್ತಾರೆ. ಎದೆ ತುಂಬಾ ಕಾಡಿನ ಹಾಗೆ ಕೂದಲು, ಸ್ಟಿಕ್ಕರ್ ಅಂಟಿಸೋಕೆ ಬೋಳಿಸಬೇಕಾಯ್ತು. ದುಂಡಗಿನ ಗುರುತಾ? ಒಂದೂ ಇರಲಿಲ್ಲ."

ಸಂಜೆ ಸಾಹುಕಾರನ ಕೋಣೆಯಲ್ಲಿ ಎಲ್ಲರೂ ಸೇರಿದರು.

"ಆ ಕೂದಲಿನ ಮೇಲೆ ಬಟ್ಟಲು ಕಚ್ಚೋದೇ ಇಲ್ಲ," ಪತ್ತೇದಾರ ಶುರುಮಾಡಿದ. "ಕಚ್ಚಿದ್ರೂ ಗುರುತು ಬೀಳ್ಬೇಕಿತ್ತು, ಬಿದ್ದಿಲ್ಲ. ಅಂದ್ರೆ ಈ ಗೆರೆ ಬೇರೆಯವರ ಎದೇದು. ನರ್ಸಮ್ಮ ಆಂಬುಲೆನ್ಸ್ ಹತ್ತಿದ ಮೇಲೆ ಕೋಣೆ ಖಾಲಿ ಇತ್ತು. ಮಾಡಿದವನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಮೊದಲ ಇಸಿಜಿ ನಾರ್ಮಲ್ ಬಂದ್ರೂ ನೋವಿರೋರನ್ನ ಯಾವ ನರ್ಸೂ ಕೆಲಸಕ್ಕೆ ಕಳಿಸಲ್ಲ. ಮತ್ತೆ ಮತ್ತೆ ತೆಗೀಬೇಕು, ರಕ್ತ ಪರೀಕ್ಷೆ ಆಗ್ಬೇಕು. ಒಂದು ಚೀಟಿ ಸಾಕು ಅನ್ನೋದು ಕೆಲಸ ಗೊತ್ತಿಲ್ಲದವನ ಲೆಕ್ಕ. ಸೂಪರ್‌ವೈಸರ್ರೇ, ಸೆಖೆ ಅಲ್ವಾ? ಗುಂಡಿ ಬಿಚ್ಚಿ."

ಸೂಪರ್‌ವೈಸರ್ ಅಲ್ಲಾಡಲಿಲ್ಲ. ಕಿಡಿ ಮುನ್ನುಗ್ಗಿ ಎರಡು ಗುಂಡಿ ಕಿತ್ತೇಬಿಟ್ಟ. ಸರದ ಕೆಳಗೆ ಕೆಂಪು ಗುರುತುಗಳು, ಕಿಡಿಯ ಮುಂಗೈಯಲ್ಲಿದ್ದದ್ದರ ಅಣ್ಣತಮ್ಮಂದಿರು.

"ಆಪರೇಟರ್ ಬೆವರ್ತಾ ನನ್ನ ಹತ್ರ ಬಂದ, ಎಡಗೈ ಸೆಳೀತಿದೆ ಅಂದ," ಸೂಪರ್‌ವೈಸರ್ ತೊದಲಿದ. "ಮಾಲಿಗೆ ಲಾರಿ ಕಾಯ್ತಿತ್ತು. ಗ್ಯಾಸ್ ಇರ್ಬೇಕು, ಸೋಡಾ ಕುಡಿ ಅಂದೆ. ಬಿದ್ದ ಮೇಲೆ ಹೆದರಿ ನನ್ನ ಎದೆಗೇ ಬಟ್ಟಲು ಹಚ್ಚಿ..." ಮಾತು ಅಲ್ಲಿಗೇ ನಿಂತಿತು. ಅವನ ಹಣೆಯಲ್ಲಿ ಬೆವರು ಒಡೆದಿತ್ತು, ಕೈ ಎದೆಗೆ ಹೋಗಿತ್ತು.

"ನಾಟಕ!" ಕಿಡಿ ಕೂಗಿದ. "ಇವನಿಗೂ ಸೋಡಾ ಕೊಡಿ!"

ಸಾಹುಕಾರ ತಲೆ ತಗ್ಗಿಸಿ ಕೀಲಿಯನ್ನು ಮೇಜಿನ ಮೇಲಿಟ್ಟ. ನರ್ಸಮ್ಮ ಕೀಲಿ ಎತ್ತಿಕೊಂಡು ನೇರ ಸೂಪರ್‌ವೈಸರ್ ಹತ್ತಿರ ಹೋದಳು.

"ನಾಟಕನೋ ನಿಜಾನೋ ಆಸ್ಪತ್ರೇಲಿ ಹೇಳ್ತಾರೆ. ಕೂತ್ಕೊಳ್ಳಿ, ಓಡಾಡ್ಬೇಡಿ. ನೋವು ಎಲ್ಲಿ? ಆಸ್ಪಿರಿನ್‌ಗೆ ಅಲರ್ಜಿ ಇದ್ಯಾ? ರಕ್ತ ಬೀಳೋ ಕಾಯಿಲೆ ಏನಾದ್ರೂ?" ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಬೆರಳು ಆಗಲೇ ನಾಡಿಯ ಮೇಲಿತ್ತು. ಕಿಡಿಯ ಕಡೆ ಕೀಲಿ ಎಸೆದಳು. "ಕೋಣೆ ತೆಗೆದು ಮಾತ್ರೆ ಡಬ್ಬಿ ತನ್ನಿ. ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿ."

ಕಿಡಿ ಭಾವನ ಮುಖ ನೋಡಿದ. ಭಾವ ಫೋನಿನ ಕಡೆ ಬೆರಳು ತೋರಿಸಿದ. ಕಿಡಿ ಹಲ್ಲು ಕಡಿಯುತ್ತಲೇ ಫೋನ್ ಒತ್ತಿ, ಕೋಣೆಯ ಕಡೆಗೆ ಓಡಿದ.