ಎಂಟನೇ ತಲೆಮಾರಿನ ಸೊಳ್ಳೆ

ಕಬ್ಬಿಣದ ರಾಡು ಜೀಪಿನ ಗಾಜು ಒಡೆದು ಒಳಗೆ ಬಂತು!

ತಲೆ ಬಗ್ಗಿಸಿದೆ. ರಾಡು ಸೀಟಿಗೆ ಬಡಿಯಿತು. ಬಗ್ಗದಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರೋ ಹೇಳಬೇಕಿತ್ತು.

"ಮೇಡಂ, ಕೆಳಗ ಕುಂದರ್ರಿ!"

ಡಾಕ್ಟರ್ ಗಂಗಾಂಬಿಕಾ ಸ್ಟೀಲ್ ಫ್ಲಾಸ್ಕನ್ನು ಎದೆಗವಚಿಕೊಂಡು ಕಾಲಡಿ ಕುಳಿತರು. ಹರಪನಹಳ್ಳಿಯವರು. ಸೊಳ್ಳೆ ವಿಜ್ಞಾನಿ. ನಾನು ಹುಲುಗೇಶ... ಸಸ್ಪೆಂಡಾದ ಕಾನ್‌ಸ್ಟೇಬಲ್. ಜನರ ತಲೆನೋವು ಬಿಡಿಸುವುದೇ ಈಗ ನನ್ನ ದಂಧೆ. ಈ ಸಲದ ತಲೆನೋವು ಮಾತ್ರ ನನ್ನದೇ.

2009ರ ಮೇ ತಿಂಗಳು. ಬೆಳಿಗ್ಗೆ ಹತ್ತೂವರೆ. ಹಗರಿಬೊಮ್ಮನಹಳ್ಳಿ ದಾಟಿ ಕೂಡ್ಲಿಗಿ ರಸ್ತೆ. ಪಕ್ಕದಲ್ಲೇ ಬಿಳಿ ಸುಮೋ. ಅದರೊಳಗೆ ಹಡಗಲಿಯ ಹೂವಿನ ಮಂಡಿ ಸಾವ್ಕಾರ ವೀರಭದ್ರಯ್ಯ!

ಅವನು ಒಂದು ಸೊಳ್ಳೆ ಕಂಪನಿಯ ಏಜೆಂಟ್. ನಗಬೇಡಿ ಸಾರ್. ಡೆಂಗಿ ಹರಡದಂಥ ಹೊಸ ಸೊಳ್ಳೆ ತಯಾರಿಸಿದ್ದೇವೆ ಅಂತ ಕಂಪನಿ ಹೇಳಿತ್ತು. ಸರ್ಕಾರದ ಪರ್ಮಿಷನ್ ಇಲ್ಲದೆ ನಮ್ಮೂರಲ್ಲಿ ಬಿಟ್ಟರು. ಇನ್ನು ನೀರಿನ ತೊಟ್ಟಿ ಮುಚ್ಚುವುದು ಬೇಡ, ಔಷಧಿ ಹೊಡೆಯುವುದು ಬೇಡ ಅಂತ ವೀರಭದ್ರಯ್ಯ ಡಂಗುರ ಹೊಡೆಸಿದ. ನನ್ನಕ್ಕ ಜಂಬಕ್ಕ ನಂಬಿದಳು. ಅವಳ ಮಗಳು ಮಾಲಾ ಡೆಂಗಿಯಲ್ಲೇ ಹೋದಳು. ಒಂಬತ್ತು ವರ್ಷದ ಕೂಸು! ಆ ಹೆಣ ಹೊತ್ತ ತೋಳಿಗೆ ಇವತ್ತಿಗೂ ಆ ಭಾರ ಗೊತ್ತು.

ನಾಳೆ ಬೆಂಗಳೂರಲ್ಲಿ ಸರ್ಕಾರಿ ಸಮಿತಿ ಕೂರುತ್ತದೆ. ಅದು ಹ್ಞೂ ಅಂದರೆ ಐದು ತಾಲೂಕಿಗೂ ಅದೇ ಸೊಳ್ಳೆ. ಅದನ್ನು ತಡೆಯಲೆಂದೇ ನಾವು ಹೊರಟಿದ್ದು.

"ಮೇಡಂ, ಸೊಳ್ಳಿ ಯಾಕ ಕೈ ಕೊಡ್ತು?" ಸ್ಟೇರಿಂಗ್ ತಿರುಗಿಸುತ್ತ ಕೇಳಿದೆ. ಭಯವಾದಾಗ ನಾನು ಮಾತಾಡುತ್ತೇನೆ.

"ಜಿಗಿದಾಡೋ ಜೀನ್ ಅಂತ ಇರ್ತಾವ್ರಿ. ಸಿಕ್ಕಲ್ಲಿ ನುಗ್ಗಿ ಜಾಗ ಹಿಡಿತಾವು. ಅಂಥದೊಂದರ ಬೆನ್ನ ಮ್ಯಾಲೆ ಕಂಪನಿ ಡೆಂಗಿ ತಡಿಯೋ ಜೀನ್ ಕುಂದರ್ಸಿತ್ತು. ಆದ್ರ ಸೊಳ್ಳಿ ಅಂಡಾಶಯದಾಗ ಸಣ್ಣ ಸಣ್ಣ ಆರ್‌ಎನ್‌ಎ ತುಣುಕು ಇರ್ತಾವು. ನುಗ್ಗಿದವನ ಗುರುತು ಹಿಡದು ಬಾಯಿ ಮುಚ್ಚಸ್ತಾವು. ತಾಯಿ ಅವನ್ನ ಮೊಟ್ಟಿಯೊಳಗೂ ಇಟ್ಟು ಕಳಸ್ತಾಳ."

"ನಮ್ಮ ಸ್ಟೇಷನ್ನಿನ ರೌಡಿ ಲಿಸ್ಟ್ ಇದ್ದಂಗ?"

"ಹಂಗ ಅನ್ಕೊಳ್ರಿ. ಎಂಟನೇ ತಲಿಮಾರಿಗೆ ಕಂಪನಿ ಜೀನ್ ಪೂರಾ ಬಂದ್! ಆ ಅಂಡಾಶಯಗಳೇ ಸಾಕ್ಷಿ. ಬಿಸಿ ತಾಗಿದ್ರ ಮಾತ್ರ ಎಲ್ಲಾ ಹಾಳು..."

ಧಡ್!

ಸುಮೋ ಗುದ್ದಿತು. ಜೀಪು ಪಲ್ಟಿ ಹೊಡೆದು ಜಾಲಿಗಿಡಕ್ಕೆ ಬಡಿಯಿತು.

ತೆವಳಿ ಹೊರಗೆ ಬಂದೆ. ಸಾವ್ಕಾರನ ಆಳುಗಳಲ್ಲಿ ಒಬ್ಬ ರಾಡು ಎತ್ತಿದ. ಅವನ ಹೊಟ್ಟೆಗೆ ಒದ್ದೆ. ರಾಡು ಕಿತ್ತುಕೊಂಡು ಮೊಣಕಾಲಿಗೆ ಬಾರಿಸಿದೆ. ಚಿಪ್ಪು ಒಡೆದ ಸದ್ದು ಕೇಳಿಸಿತು. ಎರಡನೆಯವನ ಹಲ್ಲು ಉದುರಿಸಿದೆ.

"ಲೇ ಹುಲುಗ್ಯಾ! ರಾಡು ಕೆಳಗಿಡಲೇ!"

ಮೇಡಂ ಹಣೆಗೆ ವೀರಭದ್ರಯ್ಯನ ನಾಡಪಿಸ್ತೂಲು ಒತ್ತಿಕೊಂಡಿತ್ತು.

ಇಟ್ಟೆ. ಅವನು ಮೆಟ್ಟುಗಾಲಲ್ಲಿ ನನ್ನ ಬಲಗೈ ತುಳಿದ. ಎರಡು ಬೆರಳು ಮುರಿದವು. ಕಿರುಚಿದೆ ಸಾರ್... ಸುಳ್ಳು ಯಾಕೆ ಹೇಳಲಿ!

ಫ್ಲಾಸ್ಕಿನಲ್ಲಿದ್ದ ಟ್ಯೂಬುಗಳನ್ನು ಕಾದ ಡಾಂಬರಿನ ಮೇಲೆ ಸುರಿದ. ಒಂದೊಂದನ್ನೇ ಹೊಸಕಿದ.

ಆಗ ಹಡಗಲಿ–ಬೆಂಗಳೂರು ಬಸ್ಸು ಬಂದು ನಿಂತಿತು. ಪಿಸ್ತೂಲು ಪಂಚೆಯೊಳಗೆ ಹೋಯಿತು. ಕಂಡಕ್ಟರ್ ಪಕ್ಕೀರಪ್ಪ ತಲೆ ಹೊರಹಾಕಿದ.

"ಏನಾತ್ರಿ ಸಾವ್ಕಾರ್ರ?"

"ಜೀಪು ಪಲ್ಟಿ ಹೊಡದೈತಿ. ನಾ ನೋಡ್ಕೊಂತೀನಿ. ನೀ ನಡಿ."

"ನಿಮ್ಮ ಮಲ್ಲಿಗಿ ಬಾಕ್ಸ್ ಸೋರಾಕತ್ತೈತ್ರಿ. ಐಸ್ ಕರಗೈತಿ."

ಮೇಡಂ ಕಣ್ಣು ಮುಚ್ಚಿಕೊಂಡರು.

"ಕೂಡ್ಲಿಗಿ ಸ್ಟ್ಯಾಂಡಿನ್ಯಾಗ ಬ್ಯಾರೆ ಐಸ್ ತುಂಬಸಲೇ! ಮೊಗ್ಗು ಅರಳಿದ್ರ ಯಾರು ಕೊಳ್ತಾರ? ಹೋಗು ಬೇಗ!"

ನಾನು ಒಂದು ಕೂಗು ಹಾಕಿದ್ದರೆ ಬಸ್ಸಿನ ನಲವತ್ತು ಜನ ಇಳಿಯುತ್ತಿದ್ದರು. ಗಲಾಟೆ, ಪೊಲೀಸು, ಪಂಚನಾಮೆ... ಬಸ್ಸು ಸಂಜೆವರೆಗೂ ಅಲ್ಲೇ ಬಿಸಿಲಲ್ಲಿ. ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಬಸ್ಸು ಹೋಯಿತು.

ವೀರಭದ್ರಯ್ಯ ನನ್ನ ಪಕ್ಕೆಗೆ ಕೊನೆಯ ಒದೆ ಕೊಟ್ಟ. "ಈಗ ಬೆಂಗ್ಳೂರಿಗೆ ಹೋಗಿ ಏನ್ ತೋರಿಸ್ತೀರಿ? ಹೋಗ್ರಿ!"

ಸುಮೋ ಕಣ್ಮರೆಯಾಯಿತು.

ನಮ್ಮ ಅಕ್ಕ ವೀರಭದ್ರಯ್ಯನ ಮಂಡಿಯಲ್ಲೇ ಹೂವು ಪ್ಯಾಕ್ ಮಾಡುವವಳು. ಥರ್ಮಾಕೋಲ್ ಬಾಕ್ಸು, ತಳಕ್ಕೆ ಐಸು, ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಮೊಗ್ಗು. ಹಡಗಲಿ ಮಲ್ಲಿಗೆ ದಿನಾ ಹೋಗುವುದೇ ಹಾಗೆ. ಇವತ್ತು ಮಾತ್ರ ಐಸಿನೊಳಗೆ ಎಂಟನೇ ತಲೆಮಾರಿನ ಟ್ಯೂಬುಗಳನ್ನೂ ಹೂತಿಟ್ಟಿದ್ದಳು. ಬಾಕ್ಸಿಗೆ ಮಗಳ ಕೆಂಪು ರಿಬ್ಬನ್ನು ಕಟ್ಟಿದ್ದಳು. ಮೆಜೆಸ್ಟಿಕ್‌ನಲ್ಲಿ ಮೇಡಂ ಲ್ಯಾಬಿನವರು ಆ ರಿಬ್ಬನ್ನು ನೋಡಿಯೇ ಎತ್ತಿಕೊಂಡರು. ಡಾಂಬರಿನ ಮೇಲೆ ಸತ್ತಿದ್ದು ಬರೀ ಉಪ್ಪುನೀರು.

ಸಮಿತಿ ಫೈಲು ತಡೆಹಿಡಿಯಿತು. ಟೆಸ್ಟಾಯಿತು. ಪರ್ಮಿಷನ್ ಇಲ್ಲ! ಹದಿನೈದು ದಿನಕ್ಕೆ, ಪರ್ಮಿಷನ್ ಇಲ್ಲದೆ ಸೊಳ್ಳೆ ಬಿಟ್ಟ ಕೇಸಿನಲ್ಲಿ, ವೀರಭದ್ರಯ್ಯ ಲಾಕಪ್ಪಿಗೆ ಬಂದ. ಬ್ಯಾಂಡೇಜಿನ ಕೈಯಲ್ಲೇ ನೋಡಲು ಹೋದೆ. ನಮ್ಮ ಹಳೇ ಸ್ಟೇಷನ್ನು, ಯಾರೂ ತಡೆಯಲಿಲ್ಲ.

ಸರಳು ಹಿಡಿದು ನಿಂತಿದ್ದ. "ಲೇ... ಎಲ್ಲಾ ತುಳದಿದ್ನಲ್ಲೋ! ಹೆಂಗ ಮುಟ್ಟಿದ್ವೋ? ಯಾರ್ ಕಳಿಸಿದ್ರೋ?"

"ನೀನ ಕಳಿಸಿದ್ದಿ ಸಾವ್ಕಾರ. ಬಾಕ್ಸಿನ ಮ್ಯಾಲೆ ನಿನ್ನ ಹೆಸರ ಐತಿ... ಐಸೂ ಚಲೋ ತುಂಬಿಸಿದ್ದಿ!"