ಬಿಸಿಲಿಗೂ ಕುಗ್ಗದ ಕಣ್ಣು

ಫೆಬ್ರವರಿಯ ಎರಡನೇ ಸೋಮವಾರ ಮಧ್ಯಾಹ್ನ ಮೆಣಸಿನಕಾಯಿ ವ್ಯಾಪಾರಿ ಮನೋಹರ, ಬ್ಯಾಡಗಿಯ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟ. ತೀರಿಹೋದ ತನ್ನ ಹೆಂಡತಿ ಮಹೇಶ್ವರಿಯಂತೆ ವೇಷ ಹಾಕಿ ಯಾರೋ ಮನೆಯೊಳಗೆ ಬಂದು ತಾಯಿ ಮರಿಯವ್ವನನ್ನು ಹೆದರಿಸುತ್ತಿದ್ದಾರೆ ಎಂಬುದು ಅವನ ಅನುಮಾನ.

ಇನ್‌ಸ್ಪೆಕ್ಟರ್ ಪುಂಡಲೀಕ, ಕಾನ್‌ಸ್ಟೇಬಲ್ ಹೀನಾಳನ್ನು ಕರೆದುಕೊಂಡು ಅವನ ಮನೆಗೆ ಹೋದ. ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಅದನ್ನು ತುಳಿಯದೆ ಹಿಂದಿನ ಕೋಣೆಗೆ ಯಾರೂ ಹೋಗುವಂತಿರಲಿಲ್ಲ. ಒಂದು ಕಾಯಿಯೂ ಮುರಿದಿರಲಿಲ್ಲ. ಕಟ್ಟೆಯ ಮೇಲೆ ಕೂತ ಮರಿಯವ್ವ ಆ ಕೋಣೆಯ ಬಾಗಿಲನ್ನೇ ದಿಟ್ಟಿಸುತ್ತಿದ್ದಳು.

"ಅಲ್ಲೇ ನಿಂತಾಳಲ್ರಿ. ನೀರು ಕೇಳಾಕತ್ತಾಳ."

ಬಾಗಿಲಲ್ಲಿ ಯಾರೂ ಇರಲಿಲ್ಲ. ಪುಂಡಲೀಕ ಮುದುಕಿಯ ಮುಖ ನೋಡಿದ. ನೇರ ಬಿಸಿಲು ಬೀಳುತ್ತಿದ್ದರೂ ಕಣ್ಣಿನ ಪಾಪೆಗಳು ಕತ್ತಲಲ್ಲಿದ್ದಂತೆ ಹಿಗ್ಗಿದ್ದವು.

ಹಾವೇರಿಯ ಆಸ್ಪತ್ರೆಯಲ್ಲಿ ವೈದ್ಯೆ ಟಾರ್ಚ್ ಹಿಡಿದು ಪರೀಕ್ಷಿಸಿದರು. ದತ್ತೂರಿಯಂಥ ವಿಷ ಒಳಗೆ ಹೋದಾಗ ಪಾಪೆ ಹೀಗೆ ಹಿಗ್ಗುತ್ತದೆ, ಇಲ್ಲದ್ದು ಕಣ್ಣಿಗೆ ಕಾಣತೊಡಗುತ್ತದೆ ಎಂದರು. ಕೆಲವು ದಿನ ಆಸ್ಪತ್ರೆಯ ಊಟ ಮಾಡಿದ ಮೇಲೆ ಪಾಪೆಗಳು ಕುಗ್ಗಿದವು. ಮಹೇಶ್ವರಿ ಕಾಣಿಸುವುದೂ ನಿಂತಿತು. ವಿಷ ಉಣಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು.

ಮನೋಹರನ ಮನೆಯ ಅಡುಗೆಯವಳು ರಾಣೆಬೆನ್ನೂರಿನ ಅರುಣಾ, ದೀಪಾವಳಿ ಕಳೆದ ಮೇಲೆ ಸೇರಿದವಳು. ಪಂಚರೆದುರು ಶೋಧಿಸಿದಾಗ ಮರಿಯವ್ವ ದಿನಾ ಕುಡಿಯುವ ಕಷಾಯದ ಪುಡಿಯಲ್ಲಿ ದತ್ತೂರಿ ಬೀಜದ ಚೂರುಗಳು ಸಿಕ್ಕವು. ಪಂಚನಾಮೆ ಬರೆದು ಡಬ್ಬಿಗೆ ಮೊಹರು ಹಾಕಿದರು. ಪುಂಡಲೀಕ ರಾಣೆಬೆನ್ನೂರಿನ ಅವಳ ಮನೆಗೆ ಹೋದ. ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೊ ಹಿರಿಮಗಳು ಮಹೇಶ್ವರಿಯದು ಎಂದು ಅರುಣಾಳ ಅಪ್ಪ ಹೇಳಿದ. ಅರುಣಾ ಅವಳ ತಂಗಿ. ತವರು ಒಪ್ಪದ ಮದುವೆಯಾದ್ದರಿಂದ ಮನೋಹರ ಆ ಮನೆಗೆ ಎಂದೂ ಹೋಗಿರಲಿಲ್ಲ, ನಾದಿನಿಯ ಗುರುತೂ ಇರಲಿಲ್ಲ.

"ಯಾಕ ಹಾಕಿದಿ?" ಠಾಣೆಯಲ್ಲಿ ಪುಂಡಲೀಕ ಕೇಳಿದ.

"ಮನೋಹರ ಮಾವಾರು ಊರಾಗಿರಲಿಲ್ಲ. ಅಕ್ಕ ಜ್ವರದಾಗ ಆ ಹಿಂದಿನ ಕೋಣ್ಯಾಗ ಬಿದ್ದಿದ್ಲರಿ. ನೀರು ಬೇಡಿದ್ರೂ ಆ ಮುದುಕಿ ಬಾಗಲಾ ತೆಗೀಲಿಲ್ಲಂತ. ಫೋನಿನ್ಯಾಗ ಹೇಳಿ ಅತ್ಲು. ನಮ್ಮಪ್ಪ ನನ್ನ ಹೋಗಗೊಡಲಿಲ್ಲ. ಸತ್ತ ಸುದ್ದಿ ಬರೂದ್ರಾಗ ಮಣ್ಣು ಮಾಡಿದ್ರು."

ಸತ್ತ ಮೇಲಾದರೂ ಮುದುಕಿ ಅಕ್ಕನ ಮುಖ ನೋಡಲಿ ಅನ್ನಿಸಿತು ಎಂದಳು.

"ಆಕೀನ ಕಾಣ್ತಾಳಂತ ಹೆಂಗ ಗೊತ್ತಿತ್ತು?"

"ಗೊತ್ತಿರಲಿಲ್ಲರಿ. ಮೊದಲ ನಾನ ಕುಡಿದು ನೋಡಿದ್ನಿ. ಗ್ವಾಡಿ ತುಂಬ ಇರಿವಿ ಕಂಡ್ವು. ಅಕ್ಕ ಬರಲಿಲ್ಲ."

ಹೊತ್ತು ಮುಳುಗುವ ಮುನ್ನ ಹೀನಾ ಅವಳನ್ನು ದಸ್ತಗಿರಿ ಮಾಡಿದಳು. ಜೀಪು ಹತ್ತುವಾಗ ಅರುಣಾ ನಿಂತು, ಮುದುಕಿಗೆ ಕಂಡಾಗ ಅಕ್ಕ ಯಾವ ಸೀರೆ ಉಟ್ಟಿದ್ದಳಂತೆ ಎಂದು ಮೆಲ್ಲಗೆ ಕೇಳಿದಳು.

ಹೀನಾ ಪುಂಡಲೀಕನ ಕಡೆ ನೋಡಿದಳು. ಅದನ್ನು ಅವನು ಮರಿಯವ್ವನನ್ನು ಕೇಳಿರಲಿಲ್ಲ.