ಮೊಟ್ಟೆ ಟ್ರೇಯಲ್ಲಿ ಸಪೋಟ

ಹೊಗೆಸೊಪ್ಪು ಬೇಯಿಸೋ ಕೆಲಸ ಮುಗಿದು, ಅದಕ್ಕೆಂದೇ ಕಟ್ಟಿದ ಬ್ಯಾರನ್‌ಗಳೆಲ್ಲ ತಣ್ಣಗಾಗಿದ್ದ ಕಾಲ. ಮಾಗಿ ಚಳಿ ಇಳಿದು ಬಿಸಿಲು ಏರುತ್ತಿತ್ತು. ಮಧ್ಯಾಹ್ನ ನಾಲ್ಕರ ಹೊತ್ತು.

ಪಿರಿಯಾಪಟ್ಟಣದ ಆಚೆ, ಹೈವೇ ಬಿಟ್ಟು ಒಳಗೆ ಹೋದರೆ ಮಹದೇವಪ್ಪನವರ ಮನೆ. ಮನೆ ಮುಂದೆ ಕಬ್ಬಿಣದ ಗೇಟು. ಗೇಟಿನ ಒಳಗೆ ಅವರ ಮಗಳು ಸ್ಪಂದನಾ.

ಹೊರಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು.

"ಏನ್ರೀ ಬೇಯಿಸ್ತಿದ್ದೀರಾ? ರಸ್ತೆ ತುದಿಗಂಟ ಬಾಳೆಹಣ್ಣಿನ ಗಮಲು ಬತ್ತಾ ಅದೆ."

ಇಳಿದವನು ಶರತ್. ಅಂತರಸಂತೆಯವನು. ತನ್ನ ತೋಟದ ಬಾಳೆ, ಸಪೋಟ ತಂದು ಮಡಿಕೇರಿ ದಾರಿಯ ಕೊಪ್ಪದ ಅಂಗಡಿಗಳಿಗೆ ಹಾಕುತ್ತಿದ್ದ.

ಸ್ಪಂದನಾ ಒಳಗೆ ಹೋಗಬೇಕಿತ್ತು. ಹಿಂದಿನ ವರ್ಷ ಲಗ್ನಪತ್ರಿಕೆ ಹಂಚಿದ ಮೇಲೆ ಗಂಡಿನ ಕಡೆಯವರು ಬೇಡ ಅಂದುಬಿಟ್ಟಿದ್ದರು. ಇನ್ನೊಂದು ಕಡೆ ಸಂಬಂಧ ಗೊತ್ತಾಗೋ ತನಕ ಗೇಟು ದಾಟಬೇಡ ಅಂತ ಅವ್ವ ಸುನಂದಮ್ಮ ಕಟ್ಟಪ್ಪಣೆ ಮಾಡಿದ್ದರು. ಬೇಡ ಅಂದವರು ಅವರು... ಒಳಗೆ ಕೂತವಳು ಇವಳು.

ಆದರೂ ಅವಳು ಬಿಸಿಯಾದ ಒಂದು ಮಫಿನ್, ಬಾಳೆಹಣ್ಣಿನ ಪುಟ್ಟ ಕೇಕು, ತಂದು ಗೇಟಿನ ಸರಳಿನ ಸಂದಿಯಲ್ಲಿ ನೀಡಿದಳು.

ಅವನು ಊದಿಕೊಂಡು ತಿಂದ. ಆಮೇಲೆ ಮೆಲ್ಲಗೆ, ಮೊಟ್ಟೆ ಹಾಕಿದ್ದೀರಾ ಅಂತ ಕೇಳಿದ.

"ನಮ್ಮನೇಲಿ ಮೊಟ್ಟೆ ಒಳಗೇ ಬರಂಗಿಲ್ಲ. ಪೂಜೆ ಮನೆ. ಬಾಳೆಹಣ್ಣೇ ಹಿಟ್ಟನ್ನ ಹಿಡ್ಕೊಳ್ಳುತ್ತೆ."

ಫೋನಿನಲ್ಲಿ ನೋಡಿ ಕಲಿತಿದ್ದಳು. ದಪ್ಪ ತಳದ ಪಾತ್ರೆಗೆ ಮರಳು ಸುರಿದು ಕಾಯಿಸೋದು. ತುಪ್ಪ ಸವರಿದ ಪುಟ್ಟ ಬಟ್ಟಲುಗಳಲ್ಲಿ ಹಣ್ಣು ಕಿವುಚಿದ ಹಿಟ್ಟು ಹಾಕಿ, ಮೇಲಿಟ್ಟು ಮುಚ್ಚೋದು. ಮುಂದೆ ಕೂತು ಕಾಯುವಾಗ ಅನಿಸುತ್ತಿತ್ತು... ಇದಕ್ಕಾದರೂ ಮುಚ್ಚಳ ತೆಗೆಯೋ ಹೊತ್ತು ಅಂತ ಒಂದಿದೆ. ನನಗೆ?

ಇದನ್ನ ಮಾರೋಣ ಅಂತ ಶರತ್ ಮಹದೇವಪ್ಪನವರನ್ನೇ ಕೇಳಿ ಒಪ್ಪಿಸಿದ. ಹಣ್ಣು ಅವನದು, ಕೈ ಇವಳದು, ಮಾರೋದು ಕೊಪ್ಪದ ಒಂದು ಟೀ ಅಂಗಡಿ. ಸಿಹಿ ಇಡ್ಲಿಗೆ ಇಷ್ಟೊಂದು ಮರ್ಯಾದೆನಾ ಅಂತ ಸುನಂದಮ್ಮ ಮೂತಿ ತಿರುವಿದರು. ಹೊರಗೆ ಹೋಗೋದು ತಿಂಡಿ ತಾನೇ, ಮಗಳಲ್ಲವಲ್ಲ ಅಂತ ಸುಮ್ಮನಾದರು.

ಅವತ್ತಿನಿಂದ ನಾಲ್ಕು ಗಂಟೆಗಾಗಿಯೇ ಅವಳ ದಿನ ಬೆಳಗಾಗುತ್ತಿತ್ತು. ಸರಳಿನ ಆಚೆ ನಿಂತು ಅವನು ಅಂಗಡಿಯ ಸುದ್ದಿ ಹೇಳುತ್ತಿದ್ದ. ಅಲ್ಲಿನ ಟಿಬೆಟ್ ಕ್ಯಾಂಪಿನ ಲಾಮಾಗಳು ಟೀ ಜೊತೆ ಎರಡೆರಡು ತಿಂದರಂತೆ. ಮಡಿಕೇರಿಗೆ ಹೊರಟ ಮಗುವೊಂದು ಇನ್ನೊಂದು ಕೊಡಿಸದೆ ಕಾರು ಹತ್ತಲ್ಲ ಅಂತ ಹಟ ಹಿಡಿಯಿತಂತೆ.

ಅವಳು ನಗುತ್ತಿದ್ದಳು. ನಗು ಮುಗಿದ ಮೇಲೆ ಕೈ ನೋಡಿದರೆ ಸರಳನ್ನೇ ಹಿಡಿದಿರುತ್ತಿತ್ತು. ನಾನು ಮಾಡಿದ್ದು ಹೋಗುತ್ತೆ... ನಾನು ಹೋಗಲ್ಲ.

ಒಂದು ದಿನ ಅವಳು ಗೊಣಗಿದಳು. ಕ್ರೇಟಿನಲ್ಲಿ ಬಂದ ಸಪೋಟ ಅದುಮಿಹೋಗಿ ಹುಳಿ ಬರುತ್ತಿತ್ತು. ಮಾರನೇ ದಿನ ಅವನು ಮೊಟ್ಟೆ ಟ್ರೇಯ ಒಂದೊಂದು ಗುಳಿಯಲ್ಲಿ ಒಂದೊಂದು ಸಪೋಟ ಕೂರಿಸಿಕೊಂಡು ಬಂದ. ಒಂದಕ್ಕೂ ಪೆಟ್ಟಾಗಿರಲಿಲ್ಲ. ಅವಳು ಖುಷಿಯಲ್ಲಿ ಹಿಂದೆಮುಂದೆ ನೋಡದೆ ಅಡುಗೆಮನೆಗೇ ತಂದಳು.

ಪೂಜೆ ಮುಗಿಸಿ ಬಂದ ಸುನಂದಮ್ಮ ಹಣ್ಣು ನೋಡಲಿಲ್ಲ. ಟ್ರೇ ನೋಡಿದರು.

"ಇಷ್ಟು ದಿನ ಮೊಟ್ಟೆ ಹಾಕೇ ಮಾಡ್ತಿದ್ಯೇನೇ?"

ಹಾಲು ಕೊಳ್ಳಲು ಬಂದಿದ್ದ ಎದುರುಮನೆ ಜಯಲಕ್ಷ್ಮಮ್ಮನ ಕಿವಿಗೂ ಅದು ಬಿತ್ತು. ಸಂಜೆಗೆ ಬೀದಿಯೆಲ್ಲ ಗೊತ್ತಾಯಿತು. ಅಡುಗೆಮನೆ ತೊಳೆದರು, ಬಟ್ಟಲಿಗೆ ಹುಣಸೆಹಣ್ಣು ಹಾಕಿ ಉಜ್ಜಿದರು, ಮರಳು ಚೆಲ್ಲಿದರು. ಟ್ರೇ ಹಿತ್ತಲ ಸೌದೆ ರಾಶಿಗೆ ಹೋಯಿತು. ಸ್ಪಂದನಾಳ ಫೋನು ಬೀರುವಿಗೆ ಹೋಯಿತು.

ಮಾರನೇ ದಿನ ಅವ್ವನನ್ನು ಬೆನ್ನಿಗಿಟ್ಟುಕೊಂಡೇ ಅವಳು ಗೇಟಿಗೆ ಬಂದಳು.

"ಇನ್ಮೇಲೆ ಇಲ್ಲಿ ನಿಲ್ಲಿಸಬೇಡಿ. ಗೊತ್ತಿದ್ದೂ ಮೊಟ್ಟೆ ಇಟ್ಟಿದ್ದ ಟ್ರೇ ತಂದ್ರಲ್ಲ..."

ಅವನು ಬಾಯಿ ತೆರೆದ. ಹಿಂದೆ ನಿಂತ ಸುನಂದಮ್ಮನನ್ನು ನೋಡಿದ. "ಆಯ್ತು ಬುಡಿ" ಅಂತ ಹೊರಟುಹೋದ.

ಆಮೇಲೂ ದಿನಾ ನಾಲ್ಕಕ್ಕೆ ಆಟೋ ಬರುತ್ತಿತ್ತು. ಗೇಟಿನ ಹತ್ತಿರ ನಿಧಾನವಾಗುತ್ತಿತ್ತು. ನಿಲ್ಲುತ್ತಿರಲಿಲ್ಲ. ಕಿಟಕಿಯಲ್ಲಿ ಅವಳು ಆ ಸದ್ದು ಕೇಳುತ್ತಾ ನಿಂತಿರುತ್ತಿದ್ದಳು. ನಮ್ಮ ನೇಮ ಅವನಿಗೆ ಅಷ್ಟು ಹಗುರವಾಯ್ತಾ? ಅಂದರೆ ನಾನೂ...?

ಒಂದು ಬೆಳಿಗ್ಗೆ ನೀರೊಲೆಗೆ ಸೌದೆ ತರಲು ಹೋದಾಗ ಆ ಟ್ರೇ ಕೈಗೆ ಸಿಕ್ಕಿತು. ಮುರಿದು ಒಲೆಗೆ ಹಾಕಬೇಕು ಅಂತ ಎತ್ತಿದವಳು ಹಾಗೇ ನಿಂತಳು.

ಟ್ರೇ ಹೊಚ್ಚ ಹೊಸದು. ಒಂದು ಕಲೆಯಿಲ್ಲ, ವಾಸನೆಯಿಲ್ಲ. ಪ್ರತಿ ಗುಳಿಯ ತಳದಲ್ಲೂ ದುಂಡಗೆ ಕತ್ತರಿಸಿದ ಒಣ ಬಾಳೆಲೆ, ಹಣ್ಣಿನ ಸೊನೆಗೆ ಅಂಟಿಕೊಂಡು ಕೂತಿತ್ತು.

ನಮ್ಮನೆಗೆ ಅಂತಲೇ ಹೊಸದು ತಂದು, ಕೂತು ಎಲೆ ಹಾಸಿ... ನಾನು ಒಂದು ಮಾತು ಕೇಳಲೂ ಇಲ್ಲ.

ಅದನ್ನು ಅವ್ವನ ಮುಂದೆ ಇಟ್ಟಳು. ಸುನಂದಮ್ಮ ತಿರುಗಿಸಿ ಮುರುಗಿಸಿ ನೋಡಿದರು. "ಜನ ಮೊಟ್ಟೆ ಟ್ರೇ ಅಂತಾನೇ ಅಂತಾರೆ" ಅಂದರು. ಮೊದಲಿನ ಗಡಸು ಆ ದನಿಯಲ್ಲಿ ಇರಲಿಲ್ಲ.

ಸ್ಪಂದನಾ ಬೇರೆ ಮರಳು ತೊಳೆದು ಒಣಗಿಸಿದಳು. ಹಿತ್ತಲಲ್ಲಿ ಹಣ್ಣಾಗಿದ್ದ ರಸಬಾಳೆ ಕಿವುಚಿದಳು. ಯಾರೂ ತಡೆಯಲಿಲ್ಲ. ನಾಲ್ಕಕ್ಕೆ ಮುಂಚೆ ಹೊಸ ಎಲೆ ಹಾಸಿ, ಬಿಸಿ ಮಫಿನ್‌ಗಳನ್ನು ಅದೇ ಟ್ರೇಯ ಗುಳಿಗಳಲ್ಲಿ ಕೂರಿಸಿದಳು. ಗೇಟಿನ ಚಿಲಕ ತೆಗೆದಳು. ಕಾಲು ದಾಟಿತು.

ಜಯಲಕ್ಷ್ಮಮ್ಮ ಎದುರಿನ ಜಗಲಿಯಿಂದ ಎದ್ದು ನಿಂತರು. ಮಗಳ ಹಿಂದೆಯೇ ಬಂದ ಮಹದೇವಪ್ಪ ಟ್ರೇಯಿಂದ ಒಂದು ಎತ್ತಿ ಕಚ್ಚಿ, ಇನ್ನೊಂದು ಅವರಿಗೆ ನೀಡಿದರು.

"ತಗೊಳಿ. ಊರಿಗೆಲ್ಲ ಸುದ್ದಿ ಹೇಳಿದ್ರಲ್ಲ, ರುಚಿನೂ ಹೇಳಿ."

ಆಟೋ ಬಂತು. ಅವತ್ತು ನಿಂತಿತು.

"ನಾನು ಕೇಳ್ಬೇಕಿತ್ತು" ಅಂದಳು ಸ್ಪಂದನಾ. "ನೀವಾದ್ರೂ ಹೇಳಬಾರದಿತ್ತಾ?"

"ನಿಮ್ಮವ್ವನ ಎದುರಿಗೇ ವಾದ ಮಾಡಿದ್ರೆ, ಆಮೇಲೆ ಒಳಗೆ ಮಾತು ಕೇಳ್ಬೇಕಾದೋರು ನೀವಲ್ವಾ?"

ಅವಳ ಕಣ್ಣು ತುಂಬಿತು. "ಮತ್ತೆ ದಿನಾ ಯಾಕೆ ಬತ್ತಿದ್ರಿ?"

"ಕೊಪ್ಪಕ್ಕೆ ಇದು ದಾರಿನೇ ಅಲ್ಲ ಕಣ್ರೀ. ಮೊದಲ ದಿನ ಹೈವೇಲಿ ಲಾರಿ ಕೆಟ್ಟು ನಿಂತಿತ್ತು ಅಂತ ಒಳಗೆ ತಿರುಗಿಸಿದೆ. ಆಮೇಲೆ ಬಂದಿದ್ದೆಲ್ಲ... ನಿಮ್ಮನ್ನ ನೋಡಕ್ಕೆ."

ಮಹದೇವಪ್ಪ ಕೇಳಿಸದವರ ಹಾಗೆ ಹೋಗಿ ಆಟೋದ ಹಿಂದೆ, ಬಾಳೆಗೊನೆಗಳ ಮಧ್ಯೆ ಹತ್ತಿ ಕೂತರು.

"ನಾನು ಆ ಅಂಗಡಿ ನೋಡ್ಬೇಕು" ಅಂದಳು ಸ್ಪಂದನಾ.

"ಯಾವಾಗ?"

"ಇವಾಗಲೇ. ಇವು ಆರೋದ್ರೊಳಗೆ."

ಗೇಟಿನ ಸದ್ದಾಯಿತು. ಸುನಂದಮ್ಮ. ಮುಖದಲ್ಲಿ ನಗು ಇರಲಿಲ್ಲ. ಕೈಯಲ್ಲಿ ಮಗಳ ಚಪ್ಪಲಿ ಇತ್ತು. ಬಗ್ಗಿ, ಗೇಟಿನ ಹೊರಗೆ ಇಟ್ಟರು.

"ಬರಿಗಾಲಲ್ಲಿ ಹೋಗ್ತೀಯೇನೇ?"

"ಹೋಗಿ ಬತ್ತೀನಿ ಅವ್ವ."

ಶರತ್ ಅವಳ ಕೈಯಿಂದ ಟ್ರೇ ತಗೊಂಡು ಅವಳು ಹತ್ತುವ ತನಕ ಹಿಡಿದುಕೊಂಡು ನಿಂತ. ಆಮೇಲೆ ಅವಳ ಮಡಿಲಲ್ಲಿಟ್ಟ.

"ಬಿಸಿ ಅದೆ, ಜೋಪಾನ."

"ಬಿಸಿ ನಂಗೆ ಹೊಸದಲ್ಲ ಕಣ್ರೀ. ನೀವು ನಡೀರಿ."

ಆಟೋ ಕೊಪ್ಪದ ಕಡೆ ಹೊರಟಿತು.